ಭೇದಿ ಮಾತ್ರೆಗೂ ಒಂದು ಗಡಿಯಾರ ಇದೆ

(ಬಡಾವಣೆಯ ಹಿರಿಯ ನಾಗರಿಕರ ಬಳಗದಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಕೊನೆಗೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ನಾನು ಡಾಕ್ಟರಲ್ಲ, ಫಾರ್ಮಾಸಿಸ್ಟ್. ಡಾಕ್ಟರ ಚೀಟಿ ಇದ್ದವರೂ ಇಲ್ಲದವರೂ ಕೊನೆಗೆ ಬರುವುದು ನಮ್ಮ ಕೌಂಟರಿಗೇ. ತಲೆನೋವಿನ ಮಾತ್ರೆಯನ್ನು ಜನ ಸ್ಕೂಟರ್ ಮೇಲೆ ಕೂತೇ ಕೂಗಿ ಕೇಳುತ್ತಾರೆ. ಹೊಟ್ಟೆ ಸಾಫ್ ಆಗುವ ಮಾತ್ರೆ ಬೇಕಿದ್ದರೆ ಮಾತ್ರ ದನಿ ತಗ್ಗುತ್ತದೆ. ಪಕ್ಕದಲ್ಲಿ ಪರಿಚಯದವರು ನಿಂತಿದ್ದರೆ ಅವರು ಹೋಗುವವರೆಗೆ ಸುಮ್ನೆ ಟೂತ್‌ಪೇಸ್ಟ್ ಡಬ್ಬ ತಿರುವಿ ಹಾಕುತ್ತಾ ಕಾಯುತ್ತಾರೆ. ಆಮೇಲೆ ಮೆಲ್ಲಗೆ, "ಸರ್, ಮೋಷನ್ ಆಗ್ತಿಲ್ಲ, ಏನಾದ್ರೂ ಕೊಡಿ" ಅನ್ನುತ್ತಾರೆ. ಕೊಟ್ಟದ್ದನ್ನು ಜೇಬಿಗೆ ಹಾಕಿಕೊಂಡು ಹೊರಟುಬಿಡುತ್ತಾರೆ. ಎಷ್ಟು ತಗೋಬೇಕು, ಯಾವಾಗ ಕೆಲಸ ಮಾಡುತ್ತದೆ, ಎಷ್ಟು ದಿನ ತಗೋಬಹುದು, ಯಾವುದನ್ನೂ ಕೇಳುವುದಿಲ್ಲ.

ಇವತ್ತು ಆ ಕೇಳದೇ ಉಳಿದ ಪ್ರಶ್ನೆಗಳನ್ನೇ ಎತ್ತಿಕೊಂಡಿದ್ದೇನೆ. ಇಲ್ಲಿ ನಾಚಿಕೊಳ್ಳುವವರು ಯಾರೂ ಇಲ್ಲ ಅಂದ್ಕೊಂಡಿದ್ದೀನಿ. ಇದ್ದರೆ ಹಿಂದಿನ ಸಾಲಿನಲ್ಲಿ ಕೂತುಕೊಳ್ಳಬಹುದು.

ಮೊದಲಿಗೆ, ಮಲಬದ್ಧತೆ ಅಂದರೆ ಯಾವುದು? ದಿನಕ್ಕೊಂದು ಸಲ, ಅದೂ ಕಾಫಿ ಕುಡಿದ ಕೂಡಲೇ ಆಗಲೇಬೇಕು ಅನ್ನುವ ನಿಯಮ ಎಲ್ಲೂ ಇಲ್ಲ. ದಿನಕ್ಕೆ 3 ಸಲ ಹೋಗುವವರೂ ಸರಿಯೇ, ವಾರಕ್ಕೆ 3 ಸಲ ಹೋಗುವವರೂ ಸರಿಯೇ. ಮೆತ್ತಗೆ, ತಿಣುಕದೆ ಆಗಬೇಕು, ಅಷ್ಟೇ. ದಿನಾ ಹೋದರೂ ಅರ್ಧ ಗಂಟೆ ತಿಣುಕಿ, ಗಟ್ಟಿ ಉಂಡೆ ಬಿದ್ದು, ಇನ್ನೂ ಒಳಗೇ ಇದೆ ಅನ್ನಿಸುತ್ತಿದ್ದರೆ ಅದು ಮಲಬದ್ಧತೆ. ಎರಡು ದಿನಕ್ಕೊಮ್ಮೆ ಸಲೀಸಾಗಿ ಆಗುತ್ತಿದ್ದರೆ ಅದಕ್ಕೆ ಮಾತ್ರೆಯೇ ಬೇಡ. ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ವೈದ್ಯರು 1997ರಲ್ಲಿ ಮಲದ ಚಿತ್ರಪಟವೊಂದನ್ನು ಪ್ರಕಟಿಸಿದರು. 7 ಬಗೆ. ಮೊದಲನೆಯದು ಆಡಿನ ಹಿಕ್ಕೆಯ ಥರ ಬಿಡಿಬಿಡಿ ಉಂಡೆ, ಏಳನೆಯದು ಬರೀ ನೀರು. ಮೂರು, ನಾಲ್ಕು ಒಳ್ಳೆಯವು. ಒಂದು, ಎರಡು ಮಲಬದ್ಧತೆಯ ಗುರುತು. ಡಾಕ್ಟರ ಹತ್ತಿರ "ಸರಿಯಾಗಿ ಆಗ್ತಿಲ್ಲ" ಅಂತ ಗೊಣಗುವ ಬದಲು "ಎರಡನೇ ಬಗೆ" ಅಂದುಬಿಡಿ. ಅವರಿಗೂ ಸುಲಭ, ನಿಮಗೂ ಮುಜುಗರ ಕಮ್ಮಿ.

ಮಲ ಗಟ್ಟಿಯಾಗುವುದು ಯಾಕೆ? ನಮ್ಮ ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದ. ಸಣ್ಣ ಕರುಳಿನಿಂದ ಅದಕ್ಕೆ ದಿನವೂ ಒಂದರಿಂದ ಒಂದೂವರೆ ಲೀಟರಿನಷ್ಟು ತೆಳ್ಳನೆಯ ಸರಕು ಬರುತ್ತದೆ. ಅದರಲ್ಲಿನ ನೀರನ್ನು ದೊಡ್ಡ ಕರುಳು ಹೀರುತ್ತಾ ಹೋಗುತ್ತದೆ. ಕೊನೆಗೆ ಮಲದ ಜೊತೆ ಹೊರಗೆ ಹೋಗುವ ನೀರು 100ರಿಂದ 200 ಮಿಲಿಲೀಟರ್ ಅಷ್ಟೇ. ಒಳಗೆ ಹೆಚ್ಚು ಹೊತ್ತು ಉಳಿದಷ್ಟೂ ಹೆಚ್ಚು ಒಣಗುತ್ತದೆ. ಬಸ್ಸಿನಲ್ಲಿದ್ದೇನೆ, ಮದುವೆ ಮನೆಯಲ್ಲಿದ್ದೇನೆ, ಆಫೀಸಿನ ಟಾಯ್ಲೆಟ್ ಸರಿಯಿಲ್ಲ ಅಂತ ಬಂದ ಒತ್ತಡವನ್ನು ತಡೆದುಕೊಂಡಾಗ ಆಗುವುದು ಇದೇ. ಒತ್ತಡ ಹೋಯಿತು ಅಂದುಕೊಳ್ಳುತ್ತೇವೆ. ಹೋಗಿರುವುದಿಲ್ಲ, ಒಳಗೆ ಕೂತು ಒಣಗುತ್ತಿರುತ್ತದೆ.

ಈಗ ಔಷಧಿಗೆ ಬರೋಣ. ಅಂಗಡಿಯಲ್ಲಿ ಹತ್ತಾರು ಹೆಸರು ಕಾಣುತ್ತವೆ. ಆದರೆ ಅವು ಮಾಡುವ ಕೆಲಸ ನಾಲ್ಕೇ. ಕೆಲವು ನೀರನ್ನು ಹಿಡಿದಿಟ್ಟುಕೊಂಡು ಉಬ್ಬುತ್ತವೆ. ಕೆಲವು ಕರುಳಿನೊಳಕ್ಕೆ ನೀರನ್ನು ಎಳೆದು ತರುತ್ತವೆ. ಕೆಲವು ಕರುಳಿನ ಗೋಡೆಯನ್ನು ಕೆರಳಿಸಿ ಮುಂದಕ್ಕೆ ತಳ್ಳಿಸುತ್ತವೆ. ಉಳಿದವು ಮಲವನ್ನು ಮೆತ್ತಗೆ ಮಾಡುತ್ತವೆ, ಇಲ್ಲವೇ ಜಾರುವಂತೆ ಮಾಡುತ್ತವೆ. ನೀವು ತಗೊಳ್ಳುತ್ತಿರುವುದು ಇದರಲ್ಲಿ ಯಾವುದು ಅಂತ ಮೊದಲು ಗೊತ್ತಿರಬೇಕು. ಯಾಕೆಂದರೆ ಒಂದೊಂದಕ್ಕೂ ಒಂದೊಂದು ಹೊತ್ತು ಬೇಕು.

ಆ ಹೊತ್ತಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಭೇದಿ ಔಷಧಿಯಿಂದ ಆಗುವ ಹೆಚ್ಚಿನ ಎಡವಟ್ಟು ಹುಟ್ಟುವುದು ಇಲ್ಲೇ. ನಾನು ಪದೇ ಪದೇ ನೋಡುವ ಕಥೆ ಹೀಗಿರುತ್ತದೆ. ರಾತ್ರಿ 10ಕ್ಕೆ ಬಿಸಾಕೊಡಿಲ್ ಅನ್ನುವ ಭೇದಿ ಮಾತ್ರೆ ಒಂದು ತಗೊಳ್ಳುತ್ತಾರೆ. ಅದು ಕೆಲಸ ಮಾಡಲು 6ರಿಂದ 12 ಗಂಟೆ ಬೇಕು. ರಾತ್ರಿ 12 ಆದರೂ ಏನೂ ಆಗಲಿಲ್ಲ ಅಂತ ಇನ್ನೆರಡು ನುಂಗುತ್ತಾರೆ. ಬೆಳಗಿನ ಜಾವ ಶುರುವಾಗುತ್ತದೆ ನೋಡಿ, ಟಾಯ್ಲೆಟ್ಟಿನಿಂದ ಈಚೆ ಬರಲು ಬಿಡುವುದಿಲ್ಲ. ಹೊಟ್ಟೆ ನುಲಿತ, ಸುಸ್ತು, ತಲೆಸುತ್ತು. ಅವತ್ತು ಸಂಜೆ ಸುಧಾರಿಸಿಕೊಳ್ಳುತ್ತಾರೆ. ಮಾರನೇ ದಿನ ಮೋಷನ್ ಆಗುವುದಿಲ್ಲ. ಅದರ ಮಾರನೇ ದಿನವೂ ಇಲ್ಲ. "ಮತ್ತೆ ಕಟ್ಕೊಂಡ್ತು" ಅಂತ ಪುನಃ ಅಂಗಡಿಗೆ ಬರುತ್ತಾರೆ.

ಕಟ್ಟಿಕೊಂಡಿರುವುದಿಲ್ಲ. ಕರುಳು ಖಾಲಿಯಾಗಿರುತ್ತದೆ. ಇಡೀ ದೊಡ್ಡ ಕರುಳು ಒಂದೇ ಸಲಕ್ಕೆ ತೊಳೆದು ಹೋದ ಮೇಲೆ ಅದು ಮತ್ತೆ ತುಂಬಿಕೊಳ್ಳಲು ಎರಡು ಮೂರು ದಿನ ಬೇಕು. ಆ ಎರಡು ಮೂರು ದಿನ ಏನೂ ಆಗದಿರುವುದೇ ಸರಿ. ಅದನ್ನು ರೋಗ ಅಂತ ಭ್ರಮಿಸಿ ಮತ್ತೆ ಮಾತ್ರೆ ನುಂಗಿದರೆ ಮತ್ತೆ ಖಾಲಿ, ಮತ್ತೆ ಗಾಬರಿ, ಮತ್ತೆ ಮಾತ್ರೆ. "ಮಾತ್ರೆ ಇಲ್ಲದೆ ನನಗೆ ಆಗೋದೇ ಇಲ್ಲ" ಅನ್ನುವವರಲ್ಲಿ ಎಷ್ಟೋ ಜನ ಹೀಗೆ ಸುತ್ತಕ್ಕೆ ಸಿಕ್ಕಿಕೊಂಡವರು. ಅವರ ಕರುಳು ಕೆಟ್ಟಿರುವುದಿಲ್ಲ, ತುಂಬಿಕೊಳ್ಳಲು ಅವರು ಬಿಟ್ಟಿರುವುದಿಲ್ಲ.

ಇನ್ನು ಒಂದೊಂದನ್ನೇ ನೋಡೋಣ. ಉಬ್ಬುವ ಬಗೆಯಲ್ಲಿ ನಮಗೆಲ್ಲ ಗೊತ್ತಿರುವುದು ಇಸಬ್‌ಗೋಲ್. ಗುಜರಾತ್, ರಾಜಸ್ಥಾನಗಳಲ್ಲಿ ಬೆಳೆಯುವ ಒಂದು ಸಣ್ಣ ಗಿಡದ ಬೀಜದ ಹೊಟ್ಟು ಅದು. ಗುಜರಾತಿನ ಊಂಝಾ ಅದರ ದೊಡ್ಡ ಮಾರುಕಟ್ಟೆ. ಇದರ ಗಡಿಯಾರ ನಿಧಾನ: 12 ಗಂಟೆಯಿಂದ ಮೂರು ದಿನದವರೆಗೂ ಹಿಡಿಯಬಹುದು. ಅಂದರೆ ಇವತ್ತಿನ ಕಷ್ಟಕ್ಕೆ ಇದು ಮದ್ದಲ್ಲ, ದಿನವೂ ತಗೊಳ್ಳುವವರಿಗೆ ಮಾತ್ರ ಒಳ್ಳೆಯದು. ಒಂದು ಚಮಚ ಹೊಟ್ಟಿಗೆ ಒಂದು ದೊಡ್ಡ ಲೋಟ ನೀರು ಬೇಕೇ ಬೇಕು. ಕಲಸಿದ ತಕ್ಷಣ ಕುಡಿಯಬೇಕು. ನಿಮ್ಮ ಮನೆಯಲ್ಲೇ ಒಮ್ಮೆ ನೋಡಿ: ಲೋಟದಲ್ಲಿ ಕಲಸಿಟ್ಟು ಫೋನ್ ಮಾತಾಡಿ ಬಂದರೆ ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿ ಲೋಳೆಯಾಗಿರುತ್ತದೆ. ಒಣ ಹೊಟ್ಟನ್ನು ಬಾಯಿಗೆ ಸುರಿದುಕೊಂಡು ಎರಡು ಗುಟುಕು ನೀರು ಕುಡಿದರೆ ಅದೇ ಲೋಳೆ ಅನ್ನನಾಳದಲ್ಲಿ ಆಗುತ್ತದೆ. ಉಸಿರು ಕಟ್ಟಬಹುದು. ಹಾಗಾಗಿ ನುಂಗಲು ತೊಂದರೆ ಇರುವವರು, ಪಾರ್ಶ್ವವಾಯು ಆದವರು ಇದರ ತಂಟೆಗೆ ಹೋಗಬಾರದು. ಕುಡಿದ ಕೂಡಲೇ ಮಲಗುವುದೂ ಬೇಡ. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ, ಇಲ್ಲದಿದ್ದರೆ ಅವನ್ನೂ ಅಂಟಿಸಿಕೊಂಡು ಹೋಗಬಹುದು. ಮೊಸರಿನ ಜೊತೆ ತಗೊಂಡರೆ ಭೇದಿ ನಿಲ್ಲುತ್ತೆ, ನೀರಿನ ಜೊತೆ ತಗೊಂಡರೆ ಭೇದಿ ಆಗುತ್ತೆ ಅಂತ ಮನೆಗಳಲ್ಲಿ ಹೇಳುತ್ತಾರಲ್ಲ, ಅದು ಪೂರ್ತಿ ಸುಳ್ಳೇನಲ್ಲ. ಜಾಸ್ತಿ ನೀರಿದ್ದರೆ ಹೀರಿಕೊಳ್ಳುವ, ಗಟ್ಟಿಯಿದ್ದರೆ ಮೆತ್ತಗೆ ಮಾಡುವ ಎರಡೂ ಗುಣ ಆ ಹೊಟ್ಟಿಗಿದೆ.

ನೀರು ಎಳೆಯುವ ಬಗೆಯಲ್ಲಿ ಮೂರು ಹೆಸರು ನೆನಪಿಟ್ಟುಕೊಳ್ಳಿ. ಲ್ಯಾಕ್ಟುಲೋಸ್ ಸಿಹಿ ಸಿರಪ್. ದೊಡ್ಡವರಿಗೆ ಸಾಮಾನ್ಯವಾಗಿ ದಿನಕ್ಕೆ 15ರಿಂದ 30 ಮಿಲಿಲೀಟರ್. ಕೆಲಸ ಶುರುವಾಗಲು ಒಂದೆರಡು ದಿನ ಬೇಕು. ಮೊದಮೊದಲು ಹೊಟ್ಟೆ ಉಬ್ಬರ, ಗ್ಯಾಸ್ ಆಗುತ್ತದೆ, ಅಳತೆ ಕಮ್ಮಿಯಿಂದ ಶುರು ಮಾಡಿದರೆ ಅದು ತಗ್ಗುತ್ತದೆ. ಶುಗರ್ ಇದ್ದವರು ಸಿಹಿ ಅಂತ ಹೆದರುತ್ತಾರೆ. ಲ್ಯಾಕ್ಟುಲೋಸ್ ರಕ್ತಕ್ಕೆ ಸೇರುವುದಿಲ್ಲ. ಆದರೆ ಸಿರಪ್ಪಿನಲ್ಲಿ ಸ್ವಲ್ಪ ಬೇರೆ ಸಕ್ಕರೆಯೂ ಇರುತ್ತದೆ, ಹಾಗಾಗಿ ದೊಡ್ಡ ಅಳತೆಯಲ್ಲಿ ದಿನವೂ ಬೇಕಾದರೆ ಡಾಕ್ಟರಿಗೆ ಒಂದು ಮಾತು ಹೇಳಿ.

ಎರಡನೆಯದು ಪಾಲಿಎಥಿಲೀನ್ ಗ್ಲೈಕಾಲ್. ಪೆಗ್ ಅಂತ ಕರೆಯುತ್ತೇವೆ. ಪುಡಿಯನ್ನು ನೀರಿಗೆ ಹಾಕಿ ಕುಡಿಯುವುದು. ತುಂಬಾ ದಿನ ಬೇಕಾಗುವವರಿಗೆ, ಮಕ್ಕಳಿಗೆ ಡಾಕ್ಟರುಗಳು ಈಗ ಮೊದಲು ಯೋಚಿಸುವುದು ಇದನ್ನೇ. ಒಂದರಿಂದ ಮೂರು ದಿನ ಕಾಯಬೇಕು. ಇಲ್ಲೊಂದು ಎಚ್ಚರ ಇದೆ. ಇದೇ ಪುಡಿ ಎರಡು ಅಳತೆಯಲ್ಲಿ ಬರುತ್ತದೆ. ದಿನನಿತ್ಯದ ಸಣ್ಣ ಪೊಟ್ಟಣ 17 ಗ್ರಾಂ ಆಸುಪಾಸು, ಒಂದು ಲೋಟ ನೀರಿಗೆ. ಕೊಲೊನೋಸ್ಕೋಪಿಗೆ, ಅಂದರೆ ದೊಡ್ಡ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆಗೆ, ಮುಂಚೆ ಕರುಳು ತೊಳೆಯಲು ಕೊಡುವ ದೊಡ್ಡ ಪೊಟ್ಟಣ 137 ಗ್ರಾಂ, 2 ಲೀಟರ್ ನೀರಿಗೆ. ಪಕ್ಕದ ಮನೆಯವರ ಟೆಸ್ಟಿಗೆ ತಂದು ಉಳಿದ ಪ್ಯಾಕೆಟ್ಟನ್ನು "ಅದೇ ಔಷಧಿ ತಾನೇ" ಅಂತ ಈಸಿಕೊಂಡು ಕುಡಿಯಬೇಡಿ.

ಮೂರನೆಯದು ಮಿಲ್ಕ್ ಆಫ್ ಮೆಗ್ನೀಷಿಯಾ. ಇದು ಬೇಗ: ಅರ್ಧ ಗಂಟೆಯಿಂದ 6 ಗಂಟೆಯೊಳಗೆ. ಬಸ್ ಹತ್ತುವ ಮುಂಚೆ ಕುಡಿಯುವಂಥದ್ದಲ್ಲ, ಅಲ್ವಾ? ಹಾಸ್ಯ ಬದಿಗಿರಲಿ, ಈ ಸಭೆಯಲ್ಲಿರುವ ಎಷ್ಟೋ ಜನರಿಗೆ ಮುಖ್ಯವಾದ ಮಾತು ಇದು. ಮೆಗ್ನೀಷಿಯಂ ಸ್ವಲ್ಪ ರಕ್ತಕ್ಕೆ ಸೇರುತ್ತದೆ. ಅದನ್ನು ಹೊರಗೆ ಹಾಕುವುದು ಕಿಡ್ನಿ. ಶುಗರಿನಿಂದಲೋ ಬಿಪಿಯಿಂದಲೋ ಕಿಡ್ನಿ ಸೋತಿದ್ದರೆ ಅದು ಮೈಯಲ್ಲೇ ಉಳಿದು ನಿಶ್ಶಕ್ತಿ, ಮಂಪರು, ಬಿಪಿ ಇಳಿಯುವುದು, ಹೃದಯ ಬಡಿತ ನಿಧಾನವಾಗುವುದು ಎಲ್ಲ ಆಗಬಹುದು. ಕಿಡ್ನಿಯ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಜಾಸ್ತಿ ಇದೆ ಅಂತ ಡಾಕ್ಟರು ಹೇಳಿದ್ದರೆ ಕೇಳದೆ ಇದನ್ನು ಮುಟ್ಟಬೇಡಿ. ಬಾಟಲಿಯ ಮುಂದಿರುವ ದೊಡ್ಡ ಹೆಸರು ನೋಡಿದರೆ ಸಾಲದು. ಹಿಂದಿನ ಸಣ್ಣ ಅಕ್ಷರ ಓದಿ. ಒಂದೇ ಸಿರಪ್ಪಿನಲ್ಲಿ ಮಿಲ್ಕ್ ಆಫ್ ಮೆಗ್ನೀಷಿಯಾ, ಲಿಕ್ವಿಡ್ ಪ್ಯಾರಾಫಿನ್, ಕೆಲವೊಮ್ಮೆ ಅದರ ಜೊತೆ ಸೋಡಿಯಂ ಪಿಕೊಸಲ್ಫೇಟ್ ಮೂರೂ ಸೇರಿರುತ್ತವೆ.

ಆ ಲಿಕ್ವಿಡ್ ಪ್ಯಾರಾಫಿನ್ ಜಾರಿಸುವ ಎಣ್ಣೆ. ಮಲಗಿಕೊಂಡೇ ಇರುವವರಿಗೆ, ನುಂಗುವಾಗ ಕೆಮ್ಮು ಬರುವವರಿಗೆ ಕುಡಿಸಿದರೆ ಶ್ವಾಸಕೋಶಕ್ಕೆ ಇಳಿದು ಒಂದು ಥರದ ನ್ಯುಮೋನಿಯಾ ಆಗುತ್ತದೆ. ತುಂಬಾ ದಿನ ತಗೊಂಡರೆ ಎ, ಡಿ, ಇ, ಕೆ ವಿಟಮಿನ್‌ಗಳು ಮೈಗೆ ಹತ್ತುವುದು ತಗ್ಗುತ್ತದೆ.

ತಳ್ಳುವ ಬಗೆಗೆ ಬಂದರೆ ಬಿಸಾಕೊಡಿಲ್, ಸೋಡಿಯಂ ಪಿಕೊಸಲ್ಫೇಟ್, ಸೋನಾಮುಖಿ, ನಮ್ಮ ಹರಳೆಣ್ಣೆ. ಉತ್ತರ ಕರ್ನಾಟಕದವರು ಔಡಲೆಣ್ಣೆ ಅನ್ನುತ್ತೀರಿ. ಬಿಸಾಕೊಡಿಲ್ ಮಾತ್ರೆಗೆ ಒಂದು ಹೊದಿಕೆ ಇರುತ್ತದೆ. ಹೊಟ್ಟೆಯ ಆಮ್ಲ ದಾಟಿ ಕರುಳಿಗೆ ಹೋದ ಮೇಲೆ ಕರಗಲಿ ಅಂತ. ಅದನ್ನು ಪುಡಿ ಮಾಡಿ ತಗೊಂಡರೆ, ಅಥವಾ ಹಾಲಿನ ಜೊತೆ, ಆಂಟಾಸಿಡ್ ಜೊತೆ ತಗೊಂಡರೆ ಹೊದಿಕೆ ಮೇಲೇ ಕರಗಿ ಹೊಟ್ಟೆ ಉರಿ, ನುಲಿತ ಬರುತ್ತದೆ. ರಾತ್ರಿ ಬಿಸಿ ಹಾಲಿನ ಜೊತೆ ಎಲ್ಲ ಮಾತ್ರೆ ಒಟ್ಟಿಗೆ ನುಂಗುವ ಅಭ್ಯಾಸ ನಮ್ಮಲ್ಲಿ ಎಷ್ಟು ಜನರಿಗಿದೆ! ಇದಕ್ಕೆ ನೀರೇ ಸರಿ, ಹಾಲಿಗೂ ಇದಕ್ಕೂ ಒಂದು ಗಂಟೆ ಅಂತರ ಇರಲಿ. 5 ಮಿಲಿಗ್ರಾಂ ಒಂದರಿಂದ ಶುರು ಮಾಡಿ, ಬೆಳಗಿನವರೆಗೆ ಕಾಯಿರಿ. ಅದೇ ಬಿಸಾಕೊಡಿಲ್ ಗುದದ್ವಾರದಲ್ಲಿ ಇಡುವ ಸಪೋಸಿಟರಿಯಾಗಿ ಸಿಗುತ್ತದೆ. ಅದಕ್ಕೆ 15 ನಿಮಿಷದಿಂದ ಒಂದು ಗಂಟೆ ಸಾಕು. ಬಾಯಿಂದ ನುಂಗಬೇಡಿ ಅಂತ ನಾನು ಕೊಡುವಾಗ ಪ್ರತಿ ಸಲ ಹೇಳುತ್ತೇನೆ. ನಗಬೇಡಿ, ನುಂಗಿದವರಿದ್ದಾರೆ.

ಇನ್ನು ಚೂರ್ಣಗಳು. ಗಿಡಮೂಲಿಕೆ, ಹಾಗಾಗಿ ಏನೂ ಆಗಲ್ಲ ಅನ್ನುವ ನಂಬಿಕೆ ಇದೆ. ಡಬ್ಬಿಯ ಹಿಂದೆ ಓದಿದರೆ ಹಲವದರಲ್ಲಿ ಸೋನಾಮುಖಿ ಸೊಪ್ಪು ಇರುತ್ತದೆ. ತಮಿಳುನಾಡಿನ ತಿರುನೆಲ್ವೇಲಿ ಕಡೆ ಬೆಳೆಯುವುದು, ಹೊರದೇಶಗಳಿಗೂ ಹೋಗುತ್ತದೆ. ಇಂಗ್ಲಿಷ್ ಔಷಧಿಯ ಸೆನ್ನಾ ಮಾತ್ರೆಯಲ್ಲಿರುವುದೂ ಅದೇ. ಒಳ್ಳೆಯ ಔಷಧಿಯೇ. ಆದರೆ ಔಷಧಿ ಅಂತ ತಿಳಿದು ತಗೊಳ್ಳಿ. ರಾತ್ರಿ ಚೂರ್ಣವನ್ನೂ ತಗೊಂಡು ಮೇಲೊಂದು ಬಿಸಾಕೊಡಿಲ್ಲನ್ನೂ ನುಂಗಿದರೆ ತಳ್ಳುವವರು ಇಬ್ಬರಾದ ಹಾಗಾಯಿತು. ವರ್ಷಗಟ್ಟಲೆ ಸೋನಾಮುಖಿ ತಗೊಂಡವರ ಕೊಲೊನೋಸ್ಕೋಪಿಯಲ್ಲಿ ಕರುಳಿನ ಒಳಗೋಡೆ ಕಂದುಗಪ್ಪಾಗಿ ಕಾಣುತ್ತದೆ. ರಿಪೋರ್ಟ್ ನೋಡಿ ಹೆದರಬೇಡಿ, ಅದರಿಂದ ಕೇಡಿಲ್ಲ, ನಿಲ್ಲಿಸಿದ ಮೇಲೆ ತಿಂಗಳುಗಳಲ್ಲಿ ಮಾಸುತ್ತದೆ. ತೂಕ ಇಳಿಸುವ "ಡಿಟಾಕ್ಸ್ ಟೀ" ಅಂತ ಆನ್‌ಲೈನಿನಲ್ಲಿ ಮಾರುವ ಪೊಟ್ಟಣಗಳಲ್ಲೂ ಎಷ್ಟೋ ಸಲ ಇರುವುದು ಇದೇ ಸೊಪ್ಪು. ನಿಮ್ಮ ಮೊಮ್ಮಕ್ಕಳಿಗೆ ಹೇಳಿ: ಊಟದ ಶಕ್ತಿಯೆಲ್ಲ ಸಣ್ಣ ಕರುಳಿನಲ್ಲೇ ಮೈಗೆ ಸೇರಿ ಆಗಿರುತ್ತದೆ. ಇದು ಕೆಲಸ ಮಾಡುವುದು ದೊಡ್ಡ ಕರುಳಿನಲ್ಲಿ. ಇಳಿಯುವುದು ನೀರಿನ ತೂಕ, ನೀರು ಕುಡಿದರೆ ವಾಪಸ್.

"ಅಭ್ಯಾಸ ಆಗಿಬಿಡುತ್ತಾ? ಕರುಳು ಸೋಮಾರಿಯಾಗುತ್ತಾ?" ಇದನ್ನು ಎಲ್ಲರೂ ಕೇಳುತ್ತಾರೆ. ಹಿಂದೆ ಡಾಕ್ಟರುಗಳೂ ಹಾಗೇ ನಂಬಿದ್ದರು. ಸರಿಯಾದ ಅಳತೆಯಲ್ಲಿ ತಗೊಂಡರೆ ಕರುಳಿನ ನರಗಳು ಹಾಳಾಗುತ್ತವೆ ಅನ್ನುವುದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿಲ್ಲ. ನಿಜವಾದ ಅಪಾಯ ಅಳತೆ ಮೀರಿದಾಗ. ಪದೇ ಪದೇ ನೀರಾಗಿ ಹೋದರೆ ಪೊಟ್ಯಾಸಿಯಂ ಇಳಿಯುತ್ತದೆ. ಕಾಲು ಊತಕ್ಕೆ, ಬಿಪಿಗೆ ನೀರಿನ ಮಾತ್ರೆ (ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ) ತಗೊಳ್ಳುವವರಲ್ಲಿ ಹಲವರಿಗೆ ಅದು ಮೊದಲೇ ಕಮ್ಮಿ ಇರುತ್ತದೆ. ಹೃದಯಕ್ಕೆ ಡಿಜಾಕ್ಸಿನ್ ತಗೊಳ್ಳುವವರಿಗಂತೂ ಪೊಟ್ಯಾಸಿಯಂ ಇಳಿಯುವುದು ಜೀವಕ್ಕೇ ಅಪಾಯ. ಭೇದಿ ಮಾತ್ರೆ ಕೇಳಲು ಬಂದಾಗ "ಬೇರೆ ಏನೇನು ಮಾತ್ರೆ ತಗೋತೀರಿ?" ಅಂತ ನಾವು ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಕುತೂಹಲಕ್ಕೆ ಕೇಳುವುದಲ್ಲ.

ಆ ಪ್ರಶ್ನೆಗೆ ಇನ್ನೊಂದು ಕಾರಣವೂ ಇದೆ. ಎಷ್ಟೋ ಸಲ ಮಲಬದ್ಧತೆ ಬಂದಿರುವುದೇ ಇನ್ನೊಂದು ಮಾತ್ರೆಯಿಂದ. ರಕ್ತಹೀನತೆಗೆ ಕೊಡುವ ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಅಲ್ಯೂಮಿನಿಯಂ ಇರುವ ಆಂಟಾಸಿಡ್, ನೋವಿಗೆ ಟ್ರಮಡಾಲ್, ಕೋಡೀನ್ ಇರುವ ಕೆಮ್ಮಿನ ಸಿರಪ್, ನಿದ್ದೆಗೋ ನರನೋವಿಗೋ ಅಮಿಟ್ರಿಪ್ಟಿಲಿನ್, ಬಿಪಿಗೆ ವೆರಪಮಿಲ್, ಈಗ ಬಂದಿರುವ ತೂಕ ಇಳಿಸುವ ಇಂಜೆಕ್ಷನ್. ಒಂದು ಮಾತ್ರೆಯ ತೊಂದರೆಗೆ ಇನ್ನೊಂದು ಮಾತ್ರೆ ಸೇರಿಸುವ ಮುಂಚೆ ಮೊದಲನೆಯದನ್ನು ಬದಲಿಸಬಹುದೇ ಅಂತ ಡಾಕ್ಟರನ್ನು ಕೇಳುವುದು ಒಳ್ಳೆಯದು. ಆದರೆ ನೀವಾಗಿಯೇ ನಿಲ್ಲಿಸಬೇಡಿ. ಕ್ಯಾನ್ಸರ್ ನೋವಿಗೆ ಮಾರ್ಫಿನ್ ತಗೊಳ್ಳುವವರ ವಿಷಯ ಬೇರೆ. ಅವರಿಗೆ ಮೊದಲ ದಿನದಿಂದಲೇ ಭೇದಿ ಔಷಧಿ ಜೊತೆಗಿರಬೇಕು, ಅದೂ ಇಸಬ್‌ಗೋಲ್ ಅಲ್ಲ, ತಳ್ಳುವ ಬಗೆಯದ್ದು. ಥೈರಾಯ್ಡ್ ಕಮ್ಮಿ ಇದ್ದರೂ, ಪಾರ್ಕಿನ್ಸನ್ ಇದ್ದರೂ ಹೊಟ್ಟೆ ಕಟ್ಟುತ್ತದೆ.

ಎನಿಮಾ ಬಗ್ಗೆ ಚಿಕ್ಕದಾಗಿ. ಫಾಸ್ಫೇಟ್ ಎನಿಮಾ ಮನೆಯಲ್ಲಿ ಹಾಕಿಕೊಳ್ಳಲು ಸುಲಭ ಅನ್ನಿಸುತ್ತದೆ. 24 ಗಂಟೆಯಲ್ಲಿ ಒಂದಕ್ಕಿಂತ ಜಾಸ್ತಿ ಬೇಡ. ಈ ಸೋಡಿಯಂ ಫಾಸ್ಫೇಟ್ ಔಷಧಿಗಳನ್ನು ಅಳತೆ ಮೀರಿ ತಗೊಂಡವರಲ್ಲಿ ಕಿಡ್ನಿ, ಹೃದಯಕ್ಕೆ ಪೆಟ್ಟಾಗಿದೆ, ಸಾವೂ ಆಗಿದೆ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ 2014ರಲ್ಲಿ ಎಚ್ಚರಿಕೆ ಕೊಟ್ಟಿತು. 55 ದಾಟಿದವರು, ಕಿಡ್ನಿ ತೊಂದರೆ ಇರುವವರು, ನೀರಿನ ಮಾತ್ರೆ ಅಥವಾ ನೋವಿನ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಹಾಕಿಕೊಳ್ಳಬಾರದು.

ಹಿರಿಯರನ್ನು ನೋಡಿಕೊಳ್ಳುವವರಿಗೆ ಒಂದು ಮಾತು. ಇದನ್ನು ಎಷ್ಟು ಸಲ ಹೇಳಿದರೂ ಕಮ್ಮಿಯೇ. ಹಾಸಿಗೆ ಹಿಡಿದ ಅಜ್ಜಿಗೆ ವಾರದಿಂದ ಸರಿಯಾಗಿ ಆಗಿರುವುದಿಲ್ಲ. ಇದ್ದಕ್ಕಿದ್ದಂತೆ ನೀರು ನೀರಾಗಿ, ಗೊತ್ತಾಗದಂತೆ ಬಟ್ಟೆಯಲ್ಲೇ ಹೋಗಲು ಶುರುವಾಗುತ್ತದೆ. ಮನೆಯವರು ಭೇದಿ ಅಂದುಕೊಂಡು ನಿಲ್ಲಿಸುವ ಮಾತ್ರೆ ಕೇಳಲು ಬರುತ್ತಾರೆ. ಇದು ಭೇದಿ ಅಲ್ಲದಿರಬಹುದು. ಕಾಲುವೆಗೆ ಬಂಡೆ ಅಡ್ಡ ಬಿದ್ದರೆ ನೀರು ಸಂದಿಯಲ್ಲಿ ಜಿನುಗುತ್ತದಲ್ಲ, ಹಾಗೆ ಗುದನಾಳದಲ್ಲಿ ಗಟ್ಟಿ ಮಲದ ಗಡ್ಡೆ ಕೂತು, ಮೇಲಿನ ತೆಳು ಮಲ ಅದರ ಪಕ್ಕದಿಂದ ಸೋರುತ್ತಿರುತ್ತದೆ. ಇಂಥವರಿಗೆ ಭೇದಿ ನಿಲ್ಲಿಸುವ ಲೋಪರಮೈಡ್ ಕೊಟ್ಟರೆ ಗಡ್ಡೆ ಇನ್ನೂ ಬಿಗಿಯಾಗುತ್ತದೆ. ಡಾಕ್ಟರೋ ನರ್ಸೋ ಬೆರಳಿನಿಂದ ಪರೀಕ್ಷೆ ಮಾಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ವಯಸ್ಸಾದವರು ಇದ್ದಕ್ಕಿದ್ದಂತೆ ಮಂಕಾದರೆ, ಮೂತ್ರ ಕಟ್ಟಿಕೊಂಡರೆ, ಊಟ ಬಿಟ್ಟರೆ ಅದರ ಹಿಂದೆ ಈ ಗಡ್ಡೆಯೂ ಇರಬಹುದು ಅಂತ ನೆನಪಿರಲಿ.

ಇನ್ನು ಬಾಣಂತಿ ಕೋಣೆಯ ವಿಷಯ. ಕೂಸಿಗೆ ಕಕ್ಕ ಆಗದಿದ್ದರೆ ವೀಳ್ಯದೆಲೆ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ಹಾಕುವುದು, ಸೋಪಿನ ಚೂರು ಇಡುವುದು, ನಾಲಿಗೆ ಮೇಲೆ ಎಣ್ಣೆ ಬಿಡುವುದು ನಮ್ಮ ಎಷ್ಟೋ ಮನೆಗಳಲ್ಲಿ ಈಗಲೂ ಇದೆ. ತೊಟ್ಟು ಚುಚ್ಚಿ ಗಾಯ ಆಗುತ್ತದೆ. ಸೋಪು ಒಳಚರ್ಮವನ್ನು ಸುಡುತ್ತದೆ. ಎಣ್ಣೆ ಕೂಸಿನ ಶ್ವಾಸಕೋಶಕ್ಕೆ ಹೋಗುತ್ತದೆ, ಮಕ್ಕಳ ಡಾಕ್ಟರುಗಳು ಇದನ್ನು ಮತ್ತೆ ಮತ್ತೆ ನೋಡಿದ್ದಾರೆ. ಬರೀ ಎದೆಹಾಲು ಕುಡಿಯುವ ಕೂಸಿಗೆ ಆರು ವಾರ ದಾಟಿದ ಮೇಲೆ ಕೆಲವೊಮ್ಮೆ ಒಂದು ವಾರ ಆಗದೇ ಇರಬಹುದು. ಹಾಲು ಕುಡಿಯುತ್ತಾ, ತೂಕ ಏರುತ್ತಾ, ಹೊಟ್ಟೆ ಮೆತ್ತಗಿದ್ದು, ಆದಾಗ ಮೆತ್ತಗೆ ಆದರೆ ಸಾಕು. ಶಾಲೆಗೆ ಹೋಗುವ ಮಕ್ಕಳದ್ದು ಬೇರೆ ಕಥೆ. ಒಮ್ಮೆ ನೋವಾದರೆ ಮಗು ತಡೆದುಕೊಳ್ಳುತ್ತದೆ, ತಡೆದಷ್ಟೂ ಗಟ್ಟಿ, ಗಟ್ಟಿಯಾದಷ್ಟೂ ನೋವು. ಶಾಲೆಯ ಟಾಯ್ಲೆಟ್ ಗಲೀಜಾಗಿದ್ದರೆ ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಬಿಡುತ್ತಾರೆ. ಇವರಿಗೆ ಡಾಕ್ಟರು ಪೆಗ್ ಪುಡಿ ಬರೆದರೆ ತಿಂಗಳುಗಟ್ಟಲೆ ಬೇಕಾಗಬಹುದು. ಒಂದು ವಾರಕ್ಕೆ ಸರಿಹೋಯಿತು ಅಂತ ನಿಲ್ಲಿಸಿದರೆ ಮತ್ತೆ ಮೊದಲಿಗೇ ಬರುತ್ತದೆ. ದೊಡ್ಡವರ ಮಾತ್ರೆಯನ್ನು ಅರ್ಧ ಮುರಿದು ಕೊಡುವುದಂತೂ ಬೇಡವೇ ಬೇಡ.

ಬಸುರಿಯರಿಗೆ ಹರಳೆಣ್ಣೆ ಬೇಡ, ಗರ್ಭಕೋಶವನ್ನು ಕೆರಳಿಸುತ್ತದೆ. ಇಸಬ್‌ಗೋಲ್, ಲ್ಯಾಕ್ಟುಲೋಸ್ ಸಾಮಾನ್ಯವಾಗಿ ಕೊಡುತ್ತಾರೆ, ಡಾಕ್ಟರನ್ನು ಕೇಳಿ ತಗೊಳ್ಳಿ.

ವರ್ಷಕ್ಕೊಮ್ಮೆ ಮನೆಮಂದಿಗೆಲ್ಲ ಹರಳೆಣ್ಣೆ ಕುಡಿಸುತ್ತಿದ್ದ ಕಾಲ ನಿಮಗೆ ನೆನಪಿರಬೇಕು. ಮೂಗು ಹಿಡಿದು ಕುಡಿಸಿ, ಬಿಸಿನೀರು ಕೊಟ್ಟು, ಮಧ್ಯಾಹ್ನಕ್ಕೆ ತಿಳಿಸಾರು ಅನ್ನ. ಅದರ ಹಿಂದೆ ಇದ್ದದ್ದು, ಒಳಗೆ ಉಳಿದ ಮಲದಿಂದ ವಿಷ ಮೈಗೇರುತ್ತದೆ ಅನ್ನುವ ಭಯ. ಅದು ನಮ್ಮದೊಂದೇ ಅಲ್ಲ. ನೂರು ವರ್ಷದ ಹಿಂದೆ ಲಂಡನ್ನಿನ ಹೆಸರಾಂತ ಸರ್ಜನ್ ಆರ್ಬತ್‌ನಾಟ್ ಲೇನ್ ಇದೇ ಭಯದಿಂದ ಮಲಬದ್ಧತೆ ಇದ್ದವರ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುತ್ತಿದ್ದರು! ಆಮೇಲೆ 1922ರಲ್ಲಿ ಡೊನಾಲ್ಡ್‌ಸನ್ ಅನ್ನುವವರು ಅಮೆರಿಕದಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಗುದನಾಳದಲ್ಲಿ ಹತ್ತಿ ತುಂಬಿದರೆ ಸಾಕು, ಅದೇ ತಲೆಭಾರ, ಅದೇ ಜಡ್ಡು ಬರುತ್ತದೆ. ಹತ್ತಿಯಲ್ಲಿ ವಿಷ ಎಲ್ಲಿದೆ? ಒಳಗೆ ತುಂಬಿಕೊಂಡ ಒತ್ತಡಕ್ಕೇ ಹಾಗಾಗುತ್ತದೆ. ಅದಕ್ಕೇ ಮೋಷನ್ ಆದ ಕೂಡಲೇ ಹಾಯೆನಿಸುವುದು. ವಿಷ ಅಷ್ಟು ಬೇಗ ಇಳಿಯಲು ಸಾಧ್ಯವೇ ಇಲ್ಲ.

ಯಾವಾಗ ಭೇದಿ ಔಷಧಿ ಮುಟ್ಟಲೇಬಾರದು? ಜೋರು ಹೊಟ್ಟೆನೋವು, ವಾಂತಿ, ಹೊಟ್ಟೆ ಉಬ್ಬಿ ಗಾಳಿಯೂ ಹೋಗುತ್ತಿಲ್ಲ ಅಂದರೆ ಕರುಳು ಕಟ್ಟಿಕೊಂಡಿರಬಹುದು, ಅಪೆಂಡಿಕ್ಸ್ ಇರಬಹುದು. ಅಂಥ ಹೊತ್ತಲ್ಲಿ ತಳ್ಳಿಸುವುದು ಅಪಾಯ, ನೇರ ಆಸ್ಪತ್ರೆಗೆ ಹೋಗಿ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, 50ರ ಆಸುಪಾಸಿನಲ್ಲಿ ಹೊಸದಾಗಿ ಶುರುವಾದ ಮಲಬದ್ಧತೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್, ಇವುಗಳಲ್ಲಿ ಯಾವುದಿದ್ದರೂ ಪರೀಕ್ಷೆ ಆಗಬೇಕು. "ಮೂಲವ್ಯಾಧಿ ಇರಬೇಕು ಬಿಡಿ" ಅಂತ ರಕ್ತವನ್ನು ತಿಂಗಳುಗಟ್ಟಲೆ ನೋಡುತ್ತಾ ಕೂರಬೇಡಿ.

ಊಟದ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ದಿನಕ್ಕೆ 25ರಿಂದ 30 ಗ್ರಾಂ ನಾರು ಬೇಕು. ಬಸ್ಸಾರು, ಮುದ್ದೆ, ಜೋಳದ ರೊಟ್ಟಿ, ಕಾಳುಪಲ್ಯ ತಿನ್ನುವ ಮನೆಯಲ್ಲಿ ಅದು ಬರುತ್ತದೆ. ಬಿಳಿ ಅನ್ನ, ತಿಳಿಸಾರು, ಬ್ರೆಡ್ಡು, ಬಿಸ್ಕತ್ತಿನಲ್ಲಿ ಬರುವುದಿಲ್ಲ. ಹಲ್ಲು ಹೋದ ಮೇಲೆ ಎಷ್ಟೋ ಜನ ಎರಡನೆಯದಕ್ಕೆ ಇಳಿದುಬಿಡುತ್ತಾರೆ. ಹಲ್ಲಿನ ಸೆಟ್ ಸರಿಮಾಡಿಸಿಕೊಂಡರೆ ಹೊಟ್ಟೆಯೂ ಅರ್ಧ ಸರಿಹೋಗುತ್ತದೆ ಅನ್ನುವುದು ನನ್ನ ಅನುಭವ.

ಆಮೇಲೆ ಪ್ರಶ್ನೆಗಳು ಬಂದವು.

ಒಬ್ಬ ಹಿರಿಯರು ಕೇಳಿದರು: "ಮಂಡಿನೋವು ಅಂತ ಮನೆಯಲ್ಲಿ ವೆಸ್ಟರ್ನ್ ಕಮೋಡ್ ಹಾಕಿಸಿದೆವು. ಆಮೇಲೇ ಶುರುವಾಯ್ತು. ಸಂಬಂಧ ಇದೆಯಾ?" ಇರಬಹುದು. ಕುಕ್ಕರಗಾಲಿನಲ್ಲಿ ಕೂತಾಗ ಗುದನಾಳದ ಬಾಗು ನೆಟ್ಟಗಾಗಿ ದಾರಿ ಬಿಡುತ್ತದೆ. ಕುರ್ಚಿಯ ಥರ ಕೂತಾಗ ಬಾಗು ಹಾಗೇ ಉಳಿಯುತ್ತದೆ. ಕಾಲ ಕೆಳಗೆ ಒಂದು ಗಿಡ್ಡ ಸ್ಟೂಲ್ ಇಟ್ಟು, ಮಂಡಿ ಸೊಂಟಕ್ಕಿಂತ ಮೇಲೆ ಬರುವ ಹಾಗೆ, ಸ್ವಲ್ಪ ಮುಂದಕ್ಕೆ ಬಾಗಿ ಕೂತರೆ ಸಾಕು. ಸ್ಟೂಲ್ ಜಾರದ ಹಾಗಿರಲಿ. ತಿಂಡಿ ಆದ ಅರ್ಧ ಗಂಟೆಯೊಳಗೆ ಹೋಗಿ ಕೂರಿ. ಹೊಟ್ಟೆಗೆ ಊಟ ಬಿದ್ದ ಕೂಡಲೇ ದೊಡ್ಡ ಕರುಳು ಚುರುಕಾಗುತ್ತದೆ.

ಒಬ್ಬ ತಾಯಿ ಕೇಳಿದರು: "ಎಲ್ಲ ಔಷಧಿ ತಗೊಂಡೂ ಮಗಳಿಗೆ ಆಗ್ತಾ ಇಲ್ಲ. ಮೆತ್ತಗಿದ್ದರೂ ತಿಣುಕಬೇಕು ಅಂತಾಳೆ." ಅದು ಕರುಳಿನ ತೊಂದರೆ ಆಗಿರದೆ ಬಾಗಿಲಿನ ತೊಂದರೆ ಆಗಿರಬಹುದು. ಕೆಲವರಿಗೆ ಮುಕ್ಕುವಾಗ ಸಡಿಲವಾಗಬೇಕಾದ ಸ್ನಾಯು ಬಿಗಿಯಾಗುತ್ತದೆ. ಅವರಿಗೆ ಔಷಧಿ ಏರಿಸಿ ಉಪಯೋಗ ಇಲ್ಲ. ಹೊಟ್ಟೆಯ ಡಾಕ್ಟರ ಹತ್ತಿರ ಅದಕ್ಕೆ ಪರೀಕ್ಷೆ ಇದೆ. ಬಯೋಫೀಡ್‌ಬ್ಯಾಕ್ ಅನ್ನುವ ತರಬೇತಿಯಲ್ಲಿ ಆ ಸ್ನಾಯುವನ್ನು ಸಡಿಲ ಬಿಡುವುದನ್ನು ಕಲಿಸುತ್ತಾರೆ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು: "ಹತ್ತು ವರ್ಷದಿಂದ ದಿನಾ ರಾತ್ರಿ ಮಾತ್ರೆ ತಗೋತಿದ್ದೀನಿ. ನಾಳೆಯಿಂದಲೇ ಬಿಡಲಾ?" ನಾಳೆಯಿಂದಲೇ ಬೇಡ. ಮೊದಲು ಡಾಕ್ಟರಿಗೆ ಹೇಳಿ, ಕಿಡ್ನಿ ಮತ್ತು ಪೊಟ್ಯಾಸಿಯಂ ನೋಡಿಸಿ. ಅವರು ಒಪ್ಪಿದರೆ ಪೆಗ್ಗೋ ಲ್ಯಾಕ್ಟುಲೋಸೋ ಶುರು ಮಾಡಿ, ಅದು ಹಿಡಿತಕ್ಕೆ ಬಂದ ಮೇಲೆ ರಾತ್ರಿಯ ಮಾತ್ರೆಯನ್ನು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೆರಡು ಸಲ ಅಂತ ಇಳಿಸಿಕೊಂಡು ಬನ್ನಿ. ನಡುವೆ ಎರಡು ದಿನ ಏನೂ ಆಗದಿದ್ದರೆ ಹೆದರಬೇಡಿ, ನೀರು ಕುಡಿಯುತ್ತಾ ಕಾಯಿರಿ. ಹೊಟ್ಟೆನೋವಿಲ್ಲದೆ ಮೂರು ದಿನ ಕಳೆದರೂ ಆಗದಿದ್ದರೆ ಒಂದು ಸಪೋಸಿಟರಿ ಸಾಕು.